ಶಾರ್ಶೆನ್‌ನ ಎರಡು ಗಂಟಲು

ನನ್ನ ಗಂಡ ತೀರಿಕೊಂಡಾಗ ಬಿಟ್ಟುಹೋದದ್ದು ಒಂದು ಕಾರು, ಜೊತೆಗೆ ಅದನ್ನು ಮುಟ್ಟಬಾರದೆಂಬ ಇಪ್ಪತ್ತು ವರ್ಷದ ಅಪ್ಪಣೆ. ನಲವತ್ತನೇ ದಿನದ ಊಟ ಹಾಕಿಸಿ, ಮರುವಾರವೇ ಹೋಗಿ ಡ್ರೈವಿಂಗ್ ಕಲಿಯಲು ಸೇರಿದೆ. ಆಗ ನನಗೆ ಐವತ್ತೆಂಟು.

ನಮ್ಮೂರು ಕಾರಕೋಲ್‌ನಲ್ಲಿ ಯಾರನ್ನು ಕೇಳಿದರೂ ಶಾರ್ಶೆನ್‌ನ ಹೆಸರನ್ನೇ ಹೇಳಿದರು. "ಅವನು ಕತ್ತೆಗೂ ಗೇರ್ ಹಾಕೋದು ಕಲಿಸ್ತಾನೆ" ಅಂದರು. ಅಂದದ್ದು ನನ್ನ ಮುಖ ನೋಡಿಕೊಂಡೇ.

ಮಾತು ಸುಳ್ಳಲ್ಲ. ಮೊದಲ ದಿನವೇ ನಾನು ಬಜಾರಿನ ತಿರುವಿನಲ್ಲಿ ಬಸ್ಸಿಗೆ ಅಡ್ಡವಾಗಿ ಕಾರು ನಿಲ್ಲಿಸಿದೆ. ಬಸ್ಸಿನವನು ನನ್ನ ಮೂರು ತಲೆಮಾರನ್ನೂ ಬೈದು ತೊಳೆದ. ಶಾರ್ಶೆನ್ ಮಾತ್ರ, "ಪರವಾಗಿಲ್ಲ ಅಕ್ಕಾ, ಬಸ್ಸೂ ಸ್ವಲ್ಪ ಸುಧಾರಿಸಿಕೊಳ್ಳಬೇಕಲ್ಲ" ಅಂದ. ಎರಡು ತಿಂಗಳಲ್ಲಿ ಒಂದು ಕನ್ನಡಿ, ಒಂದು ಬೇಲಿ, ಏಪ್ರಿಕಾಟ್ ಮಾರುವವಳ ಒಂದು ಬುಟ್ಟಿ ನನ್ನಿಂದ ಹಾಳಾದವು. ಅವನ ದನಿ ಒಂದು ಎಳೆಯೂ ಏರಲಿಲ್ಲ.

ಆದರೆ ಅವನ ಮನೆ ನಮ್ಮ ಹಿತ್ತಿಲಿಗೆ ತಾಗಿಕೊಂಡೇ ಇತ್ತು. ಅವನ ಇನ್ನೊಂದು ಗಂಟಲು ಅಲ್ಲಿ ಕೇಳುತ್ತಿತ್ತು. ಹೆಂಡತಿ ಮೀರಿಮ್ ಮಾಸ್ಕೋದ ಹೊಲಿಗೆ ಕಾರ್ಖಾನೆಗೆ ಹೋಗಿ ವರ್ಷವಾಗಿತ್ತು. ಮನೆಯಲ್ಲಿ ಐದು ವರ್ಷದ ಅವಳಿ ಗಂಡುಮಕ್ಕಳು ಅಸನ್, ಉಸೋನ್. ಅವರಿಗಿಂತ ದೊಡ್ಡವಳು ಹದಿನೈದರ ಮಗಳು ಬೆಗಾಯಿಮ್. ಅವನು ಕೂಗುವ ಹೊಡೆತಕ್ಕೆ ಬೀದಿನಾಯಿಗಳಿಗೂ ಆ ಮೂವರ ಹೆಸರು ಬಾಯಿಪಾಠವಾಗಿತ್ತು.

ಮೇ ತಿಂಗಳ ಒಂದು ದಿನ ಶಿಶುವಿಹಾರಕ್ಕೆ ಸುಣ್ಣ ಬಳಿಯುತ್ತಿದ್ದರು. ಅದೇ ದಿನ ಬೆಗಾಯಿಮ್ ಕೂದಲಿಗೆ ನೀಲಿ ಬಣ್ಣ ಬಳಿದುಕೊಂಡು ಹೋಗಿ, ಶಾಲೆಯಿಂದ ಹೊರಗೆ ಹಾಕಿಸಿಕೊಂಡು ವಾಪಸಾಗಿದ್ದಳು. ಬೇರೆ ದಾರಿಯಿಲ್ಲದೆ ಶಾರ್ಶೆನ್ ಮೂವರನ್ನೂ ಹಿಂದಿನ ಸೀಟಿಗೆ ತುಂಬಿಕೊಂಡು ನನ್ನ ಪಾಠಕ್ಕೆ ಬಂದ.

"ಕ್ಲಚ್ ನಿಧಾನ ಬಿಡಿ ಅಕ್ಕಾ, ನಿಧಾನ" ಎಂದು ನನಗೆ ಹೇಳಿ, ಅದೇ ಉಸಿರಿನಲ್ಲಿ ಹಿಂದೆ ತಿರುಗಿ, "ಉಸೋನ್! ಕಾಲು ಮುರಿದು ಕೈಗೆ ಕೊಡ್ತೀನಿ!" ಎಂದ.

ಹಿಂದೆ ಒಣಗಿಸಿದ ಮೊಸರಿನ ಒಂದೇ ಒಂದು ಕುರುತ್ ಉಂಡೆಗಾಗಿ ಯುದ್ಧ ನಡೆದಿತ್ತು. ಒಬ್ಬ ನೆಕ್ಕಿದ್ದನ್ನು ಇನ್ನೊಬ್ಬ ಕಸಿದ. ಅದು ಹಾರಿ ಬಂದು ನನ್ನ ಕತ್ತಿನ ಹಿಂದೆ ಬಟ್ಟೆಯೊಳಗೆ ಜಾರಿತು. "ಮುಚ್ಕೊಂಡು ಕೂತ್ಕೊಳ್ರೋ!" ಎಂದು ಶಾರ್ಶೆನ್ ಗುಡುಗಿದ. ಉಪ್ಪುಪ್ಪು ಕುರುತ್ ಬೆನ್ನಿನಲ್ಲಿ, ಗುಡುಗು ಕಿವಿಯಲ್ಲಿ. ಅವನು ಹಿಂದಕ್ಕೆ ತಿರುಗಿದ್ದರಿಂದ ಕಲಿಸುವವನ ಕಾಲಡಿಗೆ ಇಟ್ಟಿದ್ದ ಎರಡನೇ ಬ್ರೇಕೂ ಅನಾಥ. ನಾನು ನೇರವಾಗಿ ರಸ್ತೆ ಬದಿಯ ಕಾಲುವೆಗೆ ಇಳಿಸಿಬಿಟ್ಟೆ.

ಯಾರಿಗೂ ಏನೂ ಆಗಲಿಲ್ಲ. ಮುಂದಿನ ಚಕ್ರ ನೀರಿನಲ್ಲಿ, ಹಿಂದಿನದು ಗಾಳಿಯಲ್ಲಿ.

"ಪರವಾಗಿಲ್ಲ ಅಕ್ಕಾ, ಎಲ್ಲರಿಗೂ ಆಗುತ್ತೆ" ಅಂದ ಶಾರ್ಶೆನ್, ಬೆಣ್ಣೆಯಂಥ ದನಿಯಲ್ಲಿ.

"ಅಪ್ಪಾ, ಕಾರಿಗೆ ಈಜು ಬರುತ್ತಾ?" ಅಂದ ಅಸನ್.

ಆಗ ಬೆಗಾಯಿಮ್ ಸಿಡಿದಳು. "ದೊಡ್ಡಮ್ಮ ಕಾರನ್ನೇ ಕಾಲುವೆಗೆ ಹಾಕಿದ್ರು, ಪರವಾಗಿಲ್ಲ! ನಾನೊಂದು ಚಹಾ ಬಟ್ಟಲು ಒಡೆದದ್ದಕ್ಕೆ ಮೂರು ದಿನ ಕೂಗಾಡಿದ್ರಿ!"

"ಅವರು ನನ್ನ ಮಗಳಲ್ಲ ಕಣೇ!"

"ನಾನೂ ಆಗದಿದ್ರೆ ಚೆನ್ನಾಗಿತ್ತು. ನನಗೂ ಒಳ್ಳೆ ಮಾತು ಸಿಕ್ತಿತ್ತು."

ಶಾರ್ಶೆನ್ ಬಾಗಿಲು ತೆರೆದ. ಇಳಿದು ಹೋಗಿ ಒದ್ದೆ ಬೂಟಿನಲ್ಲೇ ಕಾಲುವೆಯ ದಂಡೆಯ ಮೇಲೆ ಕೂತ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ತಪ್ಪು ಮಾಡಿದವಳು ಸುಮ್ಮನಿರಬೇಕಿತ್ತು. ಆ ಅಭ್ಯಾಸ ನನಗಿಲ್ಲ.

"ನನ್ನನ್ನೂ ಬೈದುಬಿಡೋ ಮಾರಾಯ. ಹುಡುಗಿಗೆ ಸಮಾಧಾನ ಆಗ್ಲಿ."

"ನೀವು ಪಾಠ ಮುಗಿಸಿ ಮನೆಗೆ ಹೋಗ್ತೀರಿ ಅಕ್ಕಾ. ನೀವು ಹೇಗೆ ಓಡಿಸಿದ್ರೂ ನನಗೆ ನಿದ್ದೆ ಬರುತ್ತೆ. ಇವರೇನಾದ್ರೂ ದಾರಿ ತಪ್ಪಿದ್ರೆ ಮೀರಿಮ್‌ಗೆ ಏನು ಹೇಳ್ಲಿ? ಭಯ ಆಗುತ್ತೆ. ಭಯ ಆದ ತಕ್ಷಣ ಬಾಯಿ ತಾನಾಗೇ ತೆರ್ಕೊಳ್ಳುತ್ತೆ."

ಬೆಗಾಯಿಮ್ ಹಿಂದೆಯೇ ನಿಂತಿದ್ದಳು. ನೀಲಿ ಕೂದಲು ಮುಚ್ಚಲು ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಅವನ ಮಡಿಲಿಗೆ ಎಸೆದಳು. "ಕಾಲು ಒರೆಸ್ಕೊಳ್ಳಿ."

ಅವನು ಅವಳ ಕೂದಲನ್ನೇ ನೋಡಿದ. "ಬಿಸಿಲಲ್ಲಿ ಅಷ್ಟೇನೂ ಕೆಟ್ಟದಾಗಿಲ್ಲ."

"ಸುಳ್ಳು ಹೇಳ್ಬೇಡಿ."

"ಹೌದು, ಕೆಟ್ಟದಾಗೇ ಇದೆ."

ಮೊದಲು ನಕ್ಕವಳು ಅವಳು. ಟ್ರ್ಯಾಕ್ಟರಿನವನು ಬಂದು ಕಾರು ಎಳೆಯುವ ಹೊತ್ತಿಗೆ ಅವಳಿಗಳು ಸೊಂಟದವರೆಗೂ ನೀರಿನಲ್ಲಿದ್ದರು. ಶಾರ್ಶೆನ್ ಮೂರು ಸಲ ಉಸಿರೆಳೆದು, ನನಗೆ ಹೇಳುವ ದನಿಯಲ್ಲಿ, "ದಯವಿಟ್ಟು ತಾವಿಬ್ಬರೂ ಮೇಲೆ ಬನ್ನಿ" ಎಂದ. ಆ 'ತಾವು' ಕೇಳಿದ್ದೇ ಹುಡುಗರಿಬ್ಬರೂ ಬೆದರಿ, ಬೈಗುಳಕ್ಕೆ ಎಂದೂ ಬರದಷ್ಟು ಬೇಗ ಮೇಲೆ ಬಂದರು.

ಅಂದಿನಿಂದ ಹಿತ್ತಿಲಾಚೆ ವಿಚಿತ್ರ ಮಾತುಗಳು ಕೇಳತೊಡಗಿದವು. "ಉಸೋನ್ ಅವರೇ, ತಾವು ಸಾರಿಗೆ ಸಾಬೂನು ಹಾಕಿದ್ದು ಯಾಕೆ?" ವಾರದಲ್ಲಿ ನಾಲ್ಕು ದಿನ ಈ ಮರ್ಯಾದೆ ನಡೆಯುತ್ತಿತ್ತು. ಉಳಿದ ಮೂರು ದಿನ ಹಳೆಯ ಗುಡುಗೇ. ಮೂರೇ ದಿನ ಎಂದು ನಾಯಿಗಳೂ ಗಮನಿಸಿರಬೇಕು.

ಮೂರನೇ ಪರೀಕ್ಷೆಯಲ್ಲಿ ನನಗೆ ಲೈಸೆನ್ಸ್ ಸಿಕ್ಕಿತು. ಅದನ್ನು ತೋರಿಸಲು ಹೋದ ಸಂಜೆ ಶಾರ್ಶೆನ್ ಗೇಟಿನಲ್ಲೇ ನಿಂತಿದ್ದ. ಬೆಗಾಯಿಮ್ ಒಂದು ಗಂಟೆ ತಡವಾಗಿ ಬಂದಳು.

"ಬೆಗಾಯಿಮ್ ಅವರೇ," ಎಂದ, ಹಲ್ಲು ಕಚ್ಚಿ, "ತಾವು ಎಲ್ಲಿಗೆ ಹೋಗಿದ್ರಿ?"

"ಅಪ್ಪಾ, ಬೈದುಬಿಡಿ. ಈ 'ತಾವು' ಕೇಳೋಕಾಗಲ್ಲ."

ಅವನು ಬೈದ. ಅರ್ಧ ನಿಮಿಷ. ಆಮೇಲೆ, "ನೂಡಲ್ಸ್ ಆರ್ತಾ ಇದೆ, ಬಾ" ಅಂದ. ನನ್ನ ಲೈಸೆನ್ಸ್ ಯಾರೂ ನೋಡಲಿಲ್ಲ. ಊಟ ಮಾತ್ರ ನನಗೂ ಬಡಿಸಿದರು.