ಬುತ್ತಿ ಹೋಗದ ಶುಕ್ರವಾರ

2024ರ ಜೂನ್ ಎರಡನೆಯ ಸೋಮವಾರ ನಾನು ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಕಾಳುಕಡಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿದ್ದ ಕಂಪನಿಗೆ ಇಂಟರ್ನ್ ಆಗಿ ಸೇರಿದೆ. ಕಂಪನಿಯ ಕೆಲಸ ಬುತ್ತಿ ಮುಟ್ಟಿಸುವುದು. ಧಾರವಾಡದ ಮನೆಗಳಲ್ಲಿ ಕಟ್ಟಿದ ಮಧ್ಯಾಹ್ನದ ಊಟವನ್ನು ಇಬ್ಬರು ಸವಾರರು ಬೈಕಿನಲ್ಲಿ ತಂದು, ಹುಬ್ಬಳ್ಳಿಯ ಕಚೇರಿಗಳಲ್ಲಿ ದುಡಿಯುವ ಆ ಮನೆಗಳ ಮಕ್ಕಳಿಗೆ, ಗಂಡಂದಿರಿಗೆ ತಲುಪಿಸುತ್ತಿದ್ದರು.

ವಿಶ್ವವಿದ್ಯಾಲಯದಲ್ಲಿ ನನ್ನ ಮುಖ್ಯ ವಿಷಯ ಪತ್ರಿಕೋದ್ಯಮ. ಉದ್ಯಮಶೀಲತೆಯನ್ನು ಮೈನರ್ ಆಗಿ ತೆಗೆದುಕೊಂಡಿದ್ದೆ. ಅದರ ತರಗತಿಗಳು ಊಟದ ನಂತರ ಇದ್ದವು ಎಂಬುದು ಮುಖ್ಯ ಕಾರಣ. ಅದು ಮುಗಿಯಬೇಕಾದರೆ ಹೊಸ ಉದ್ಯಮವೊಂದರಲ್ಲಿ ಎಂಟು ವಾರ ಕೆಲಸ ಮಾಡಿ ವರದಿ ಒಪ್ಪಿಸಬೇಕಿತ್ತು.

ಕಂಪನಿಯ ಸಂಸ್ಥಾಪಕ ಅಂಗಡಿಯವರ ಒಬ್ಬನೇ ಮಗ. ಎಂಜಿನಿಯರಿಂಗ್ ಓದಿದ್ದ. ಮೇಲೆ ಅವನು 'ಲಾಸ್ಟ್ ಮೈಲ್ ಲಾಜಿಸ್ಟಿಕ್ಸ್' ಎನ್ನುತ್ತಿದ್ದುದನ್ನು ಕೆಳಗೆ ಅವನ ತಂದೆ ಗಿರಾಕಿಗಳಿಗೆ, "ಮ್ಯಾಲೆ ನಮ್ಮ ಹುಡುಗ ಡಬ್ಬಿ ಒಯ್ತಾನ್ರಿ" ಎಂದು ವಿವರಿಸುತ್ತಿದ್ದರು. ಇದೇ ವಿವರಣೆಯಿಂದ ಅವನಿಗೆ ಬಂದ ಎರಡು ಸಂಬಂಧಗಳು ತಪ್ಪಿದ್ದವು.

ನನ್ನ ಕೆಲಸ ಫೋನ್ ಎತ್ತುವುದು. ಕರೆ ಮಾಡುವವರು ಹೆಚ್ಚಾಗಿ ತಾಯಂದಿರು.

"ತಂಗೀ, ಮ್ಯಾಲಿನ ಡಬ್ಬ್ಯಾಗ ಮಸರೈತಿ. ಗಾಡಿ ಹಗರಕ ಹೊಡಿ ಅಂತ ಹೇಳ ಅವಂಗ."

"ಬದನಿಕಾಯಿ ಅಂತ ಮೊದ್ಲ ಹೇಳಬ್ಯಾಡವಾ. ಡಬ್ಬಿ ತೆಗದ ಮ್ಯಾಲೆ ಗೊತ್ತಾಗಲಿ. ಮೊದ್ಲ ಗೊತ್ತಾದ್ರ ಹೊರಗ ಉಣ್ಣಾಕ ಹೋಕ್ಕಾನ."

ಜುಲೈನಲ್ಲಿ ಮೂರನೆಯ ಸಂಬಂಧ ಬಂತು. ಗದಗಿನ ಹತ್ತಿ ವ್ಯಾಪಾರಿಯ ಮಗಳು. ಎಂ.ಕಾಂ. ಮುಗಿಸಿ ತಂದೆಯ ಗೋದಾಮಿನ ಸಾಗಣೆ ನೋಡಿಕೊಳ್ಳುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದರು. ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಬರುವ ರೂಢಿ ಇದೆ. ಅದೂ ಆಯಿತು. ಹೋಗುವಾಗ ಹುಡುಗಿಯ ತಂದೆ, "ಮನಿ ನೋಡಿದ್ವಿ. ಇನ್ನ ಹುಡುಗನ ಆಫೀಸ್ ನೋಡಬೇಕ್ರಿ" ಎಂದರು.

ಸಂಸ್ಥಾಪಕನ ತಾಯಿ ಅಂದೇ ಮೇಲೆ ಹತ್ತಿ ಬಂದು, ನನ್ನ ಎದುರಿಗೇ ಮಗನಿಗೆ ಹೇಳಿದರು: "ಇದೂ ತಪ್ಪಿತಂದ್ರ ಲ್ಯಾಪ್‌ಟಾಪ್ ಮುಚ್ಚಿ ಕೆಳಗ ಬಂದು ತಕ್ಕಡಿ ಹಿಡಿ. ನಾ ಇನ್ನ ಮಂದಿಗೆ ಏನಂತ ಹೇಳ್ಲಿ?"

ಸಂಸ್ಥಾಪಕ ಭೇಟಿಗೆ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ ಎಂದು ಗೊತ್ತು ಮಾಡಿದ. ಪಕ್ಕದ ಟ್ಯೂಷನ್ ಕ್ಲಾಸಿನಿಂದ ಕುರ್ಚಿ, ಕಂಪ್ಯೂಟರ್ ತಂದ. ತನ್ನ ಕ್ರಿಕೆಟ್ ಗೆಳೆಯರನ್ನು ಕರೆದು ಕೂರಿಸಿದ. ಆದರೂ ಎರಡು ಕುರ್ಚಿ ಖಾಲಿ ಉಳಿದವು. ಧಾರವಾಡದಿಂದ ಬುತ್ತಿ ಹೊತ್ತು ಬಂದ ಸವಾರರಿಬ್ಬರನ್ನು ಅಲ್ಲಿ ಕೂರಿಸಿ, ಚೀಲಗಳನ್ನು ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿದ.

"ಬುತ್ತಿ ಯಾರ್ ಒಯ್ಯೋರು?" ಎಂದು ನಾನು ಕೇಳಿದೆ.

"ಹನ್ನೊಂದಕ್ಕ ಬಂದು ಅರ್ಧಾ ತಾಸಿನ್ಯಾಗ ಹೋಕ್ಕಾರ. ಆಮ್ಯಾಲೆ ಓಡಸಿದ್ರಾತು."

ಹನ್ನೊಂದಾಯಿತು. ಕಾರು ಓಣಿಯ ತುದಿಯಲ್ಲಿ ಬಂದು ನಿಂತದ್ದು ಕಿಟಕಿಯಿಂದ ಕಾಣಿಸಿತು. ಯಾರೂ ಇಳಿಯಲಿಲ್ಲ. ಸಂಸ್ಥಾಪಕ ಬೆವರು ಒರೆಸಿಕೊಂಡ. ಅಷ್ಟರಲ್ಲಿ ತಾಯಿ ಕೆಳಗಿನಿಂದ ಕೂಗಿದರು: "ಶುಕ್ರವಾರ ಹನ್ನೆಲ್ಡರ ತನಕಾ ರಾಹುಕಾಲ ಐತಿ! ಯಾರ್ನ ಕೇಳಿ ಟೈಮ್ ಕೊಟ್ಟಿ ಮೂಳಾ?"

ಬೀಗರಾಗುವವರು ಕಾರಿನಲ್ಲೇ ರಾಹುಕಾಲ ಕಳೆದರು. ಹನ್ನೆರಡು ದಾಟಿದ ಮೇಲೆ ಹುಡುಗಿ, ಆಕೆಯ ತಂದೆ, ತಾಯಿ ಮೆಟ್ಟಿಲು ಹತ್ತಿದರು. ಒಳಕೋಣೆಯಿಂದ ಎಣ್ಣೆಗಾಯಿಯ ವಾಸನೆ ಆಗಲೇ ಹೊರಗೆ ಬಂದಿತ್ತು.

"ಏನ್ ಘಮಾ ರೀ ಇದು!" ಎಂದರು ಹುಡುಗಿಯ ತಂದೆ.

"ಸ್ಟಾಫ್ ಊಟಾ ರೀ" ಎಂದ ಸಂಸ್ಥಾಪಕ.

ಅವರು ಸಾಲಾಗಿ ಕುಳಿತ ಸಿಬ್ಬಂದಿಯನ್ನು ನೋಡುತ್ತ ಬಂದು, ಒಬ್ಬ ಸವಾರನ ಮುಂದೆ ನಿಂತರು. ಅವನು ಹೆಲ್ಮೆಟನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ನೀವೇನ್ ಮಾಡ್ತೀರಿ?"

"ಕೋಡಿಂಗ್ ರೀ."

"ಅದಕ್ಕ ಹೆಲ್ಮೆಟ್ ಯಾಕ?"

ಸವಾರ ಸಂಸ್ಥಾಪಕನ ಮುಖ ನೋಡಿದ. ಅಲ್ಲಿ ನೆರವು ಸಿಗಲಿಲ್ಲ. "ಕೋಡಿಂಗ್ ಜೋರ ಇದ್ದಾಗ ಬೇಕಾಗ್ತೈತ್ರಿ" ಎಂದ.

ಹನ್ನೆರಡೂವರೆಗೆ ಮೊದಲ ಫೋನ್ ಬಂತು. ನಾನು, "ಬರಾಕತ್ತಾರ್ರಿ" ಎಂದು ಇಟ್ಟೆ. ಇಡುತ್ತಲೇ ಇನ್ನೊಂದು. ಆಮೇಲೆ ಸಂಸ್ಥಾಪಕನ ಮೊಬೈಲ್, ಸವಾರರ ಮೊಬೈಲ್ ಎಲ್ಲವೂ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಹುಡುಗಿಯ ತಂದೆಯ ಮುಖ ಅರಳಿತು.

"ಧಂದೆ ಜೋರ ಐತಿ ಬಿಡ್ರಿ! ನಮ್ಮ ಗೋದಾಮಿನ್ಯಾಗ ಸುಗ್ಗ್ಯಾಗೂ ಇಷ್ಟ ಫೋನ್ ಬರಂಗಿಲ್ಲ."

ಅಷ್ಟರಲ್ಲಿ ಹುಡುಗಿ ನನ್ನ ಮೇಜಿನ ಪಕ್ಕ ಬಂದು ನಿಂತಿದ್ದಳು. ನನ್ನ ಕಿವಿಯಲ್ಲಿದ್ದ ಫೋನಿನಿಂದ ಒಬ್ಬ ತಾಯಿಯ ದನಿ ಕೋಣೆಗೆಲ್ಲ ಕೇಳುತ್ತಿತ್ತು: "ನನ್ನ ಮಗಗ ಹಸಿವಿ ತಡಿಯಂಗಿಲ್ಲವಾ! ಎಲ್ಲಿ ಸತ್ತಾರ ನಿಮ್ಮ ಡಬ್ಬಿಯವ್ರು?"

ಹುಡುಗಿ ಕೇಳಿದಳು: "ಇವತ್ತಿನ ಬುತ್ತಿ ಯಾಕ ಹೋಗಿಲ್ಲ?"

ಪತ್ರಿಕೋದ್ಯಮದ ಮೊದಲ ಸೆಮಿಸ್ಟರ್‌ನಲ್ಲಿ ನಮಗೆ ಕಲಿಸಿದ್ದು, ನೇರ ಪ್ರಶ್ನೆಗೆ ಗೊತ್ತಿದ್ದಷ್ಟನ್ನು ಹೇಳಬೇಕು ಎಂದು. "ಒಯ್ಯೋರು ಇಲ್ಲೇ ಕುಂತಾರ" ಎಂದೆ.

ಸಂಸ್ಥಾಪಕ ಕಣ್ಣು ಮುಚ್ಚಿಕೊಂಡ. ಹುಡುಗಿ ಒಳಕೋಣೆಯ ಬಾಗಿಲು ತೆಗೆದಳು. ಚೀಲಗಳ ಮೇಲಿನ ಚೀಟಿಗಳನ್ನು ಓದುತ್ತ, ನೆಲದ ಮೇಲೆ ಮೂರು ಗುಂಪು ಮಾಡಿದಳು.

"ಕೋಡಿಂಗ್ ಮಾಡೋರು ಏಳ್ರಿ" ಎಂದಳು. "ಇದು ನಿಮ್ಮಿಬ್ಬರದು." ಸಂಸ್ಥಾಪಕನ ಕಡೆ ಕೈ ಮಾಡಿ, "ಇದು ಅವರದು." ಎಂದಳು. " ಅಪ್ಪಾ, ಉಳದದ್ದು ನಮ್ಮ ಕಾರಿನ್ಯಾಗ ಹಾಕೂಣು."

"ನಮ್ಮ ಕಾರಿನ್ಯಾಗ?"

"ಮಂದಿ ಉಪವಾಸ ಕುಂತಾರ."

ತಂದೆ ಮಗಳನ್ನು ನೋಡಿದರು, ಸಂಸ್ಥಾಪಕನನ್ನು ನೋಡಿದರು, ಕಾರಿನ ಕೀಲಿ ತೆಗೆದರು. ದಾರಿ ತೋರಿಸಲು ನನ್ನನ್ನು ಕೂರಿಸಿಕೊಂಡರು. ಹುಡುಗಿಯ ತಾಯಿ ಮೊಸರಿನ ಡಬ್ಬಿಗಳನ್ನು ರೇಷ್ಮೆ ಸೀರೆಯ ಮೇಲಿಟ್ಟುಕೊಂಡು ಕುಳಿತರು. ಸಂಸ್ಥಾಪಕ ತನ್ನ ಪಾಲಿನ ಚೀಲಗಳನ್ನು ಸ್ಕೂಟರಿಗೆ ಹಾಕಿಕೊಂಡು ಸ್ಟೇಷನ್ ಕಡೆ ಹೋದ.

ಬೈರಿದೇವರಕೊಪ್ಪದ ಒಂದು ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಹತ್ತಿ ವ್ಯಾಪಾರಿ ಬಿಳಿ ಧೋತರದ ಚುಂಗು ಎತ್ತಿ ಹಿಡಿದು, ಎರಡು ಚೀಲ ಹೊತ್ತು ಹತ್ತಿದರು. ಬಾಗಿಲಲ್ಲಿ ಕಾಯುತ್ತಿದ್ದ ಯುವಕ ಚೀಲ ಕಸಿದುಕೊಂಡ.

"ಏನ್ರೀ ಕಾಕಾ, ಹೊಸದಾಗಿ ಸೇರೀರೇನ? ಇಷ್ಟ ತಡಾ ಮಾಡಿದ್ರ ಹೆಂಗ್ರಿ?"

"ಮೊದಲ್ನೇ ದಿನಾ ಐತಿ" ಎಂದರು ವ್ಯಾಪಾರಿ ಏದುಸಿರು ಬಿಡುತ್ತ. "ನಡಸ್ಕೊಳ್ಳಪಾ."

ಕಾರಿಗೆ ಮರಳಿ ಹೆಂಡತಿಗೆ ಹೇಳಿದರು: "ಆ ಹುಡುಗ ನನಗ ಬೈದ."

"ಹಸದಾನ, ಬೈತಾನ. ನೀವೇನ್ ಹಸದಾಗ ಆರತಿ ಮಾಡ್ತೀರೇನ?"

ಮರಳಿ ಬೆಂಗೇರಿಗೆ ಬಂದಾಗ ಸಂಸ್ಥಾಪಕ ಅಂಗಡಿಯ ಮುಂದೆ ನಿಂತಿದ್ದ. ಹುಡುಗಿಯ ತಂದೆ ಅವನಿಗೆ, "ಆಫೀಸ್ ನೋಡಿದಂಗಾತು. ಮನ್ಯಾಗ ಮಾತಾಡಿ ಹೇಳ್ತೇವಿ" ಎಂದರು. ನಮ್ಮ ಕಡೆ ಈ ಮಾತಿಗೆ ಸಾಮಾನ್ಯವಾಗಿ 'ಇಲ್ಲ' ಎಂದೇ ಅರ್ಥ. ಅಂದು ಸಂಜೆ ಕ್ರಿಕೆಟ್ ಗೆಳೆಯರು ಕುರ್ಚಿಗಳನ್ನು ಟ್ಯೂಷನ್ ಕ್ಲಾಸಿಗೆ ಮರಳಿಸಿದರು. ತಾಯಿ ಅಂಗಡಿಯ ತಕ್ಕಡಿಯನ್ನು ಒರೆಸಿ ಇಟ್ಟರು.

ಎಂಟು ವಾರ ಮುಗಿದರೂ ಗದಗಿನಿಂದ ಉತ್ತರ ಬರಲಿಲ್ಲ. ಸಂಸ್ಥಾಪಕ ನನಗೆ 'ತುರ್ತು ನಿರ್ವಹಣೆಯಲ್ಲಿ ಪ್ರಾಮಾಣಿಕ ಪಾತ್ರ' ಎಂದು ಪ್ರಮಾಣಪತ್ರ ಬರೆದುಕೊಟ್ಟ. ಬರೆಯುವಾಗ ನನ್ನ ಮುಖ ನೋಡಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪ್ರಾಧ್ಯಾಪಕರು ನನ್ನ ವರದಿ ತಿರುವಿ ಕೇಳಿದರು:

"ಶುಕ್ರವಾರ ಆಫೀಸಿನ್ಯಾಗ ಹನ್ನೊಂದು ಮಂದಿ, ಶನಿವಾರ ನಾಲ್ಕು. ಉಳದವ್ರು ಎಲ್ಲಿ ಹೋದ್ರು?"

"ಮ್ಯಾಚಿಗೆ ರೀ, ಸರ್."

ಅವರು ಅಂಚಿನಲ್ಲಿ 'ಸಿಬ್ಬಂದಿ ವಲಸೆ' ಎಂದು ಬರೆದುಕೊಂಡು ನನ್ನನ್ನು ಪಾಸು ಮಾಡಿದರು.

ಮರುವಾರ ನಾನು ಕಂಪನಿಯ ಗುರುತಿನ ಚೀಟಿ ಮರಳಿಸಲು ಹೋದಾಗ ಕೋಣೆಯಲ್ಲಿ ಸಂಸ್ಥಾಪಕ ಒಬ್ಬನೇ ಇದ್ದ. ಫೋನ್ ಬಂತು. ರೂಢಿಯಂತೆ ನಾನೇ ಎತ್ತಿದೆ. ಗದಗಿನ ಹುಡುಗಿ.

"ಒಂದ್ ಕೇಳ್ತೇನಿ, ಹೇಳ್ರಿ. ಧಾರವಾಡದಿಂದ ಬರೂ ಹಾದ್ಯಾಗ ಬೈರಿದೇವರಕೊಪ್ಪ ಮೊದ್ಲ ಬರ್ತೈತಿ. ಅಲ್ಲಿ ಬುತ್ತೀನ ಅಲ್ಲೇ ಕೊಡೂದು ಬಿಟ್ಟು ಬೆಂಗೇರಿಗೆ ತಂದು ಮತ್ತ ತಿರುಗಿ ಯಾಕ ಒಯ್ತೀರಿ?"

ಫೋನನ್ನು ಸಂಸ್ಥಾಪಕನಿಗೆ ಕೊಟ್ಟೆ. ಅವನು ಬಹಳ ಹೊತ್ತು, "ಹೌದ್ರಿ", "ಖರೇ ಐತ್ರಿ" ಎನ್ನುತ್ತ ನಿಂತ. ಕೊನೆಗೆ, ನಿಮ್ಮ ತಂದೆಯವರು ಏನೆಂದರು ಎಂದು ಕೇಳಿದ. ಉತ್ತರ ನನಗೂ ಕೇಳಿಸಿತು.

"ಅಪ್ಪ ಇನ್ನೂ ಹೂಂ ಅಂದಿಲ್ಲ. ನಾ ಅಂದೇನಿ."

ತಂದೆ ದಸರೆಯ ಹೊತ್ತಿಗೆ ಒಪ್ಪಿದರು. ಕಾರ್ತಿಕದಲ್ಲಿ ನಿಶ್ಚಯವಾಯಿತು, ಮಾಘದಲ್ಲಿ ಗದಗಿನಲ್ಲಿ ಮದುವೆ ನಡೆಯಿತು. ಬೈರಿದೇವರಕೊಪ್ಪದ ಬುತ್ತಿ ಈಗ ಬೆಂಗೇರಿಗೆ ಬರದೆ ದಾರಿಯಲ್ಲೇ ಇಳಿಯುತ್ತದೆ.