ದಪ್ಪ ಚುಕ್ಕೆಗಳನ್ನೇ ಆರಿಸಿದ ನೆರೆಯಿದಾ

ನೆರೆಯಿದಾ ಓಕಾಂಪೊಳ ಕೈ ಪಳಗಿದ್ದು ಕ್ವೆರ್ನವಾಕಾ ಊರಿನ ಹೊರವಲಯದಲ್ಲಿ, ಅವಳಪ್ಪನ ಸಸಿತೋಟದಲ್ಲಿ. ಸತ್ತವರ ಹಬ್ಬಕ್ಕೆ ಮಾರುವ ಚೆಂಡುಹೂವಿನ ಸಸಿಗಳಲ್ಲಿ ಸೊರಗಿದ್ದನ್ನು ಕಿತ್ತೆಸೆದು ಪೊಗದಸ್ತಾದದ್ದನ್ನು ಉಳಿಸುವುದು ಚಿಕ್ಕಂದಿನಿಂದ ಅವಳ ಕೆಲಸ. ಅಪ್ಪ ದೋನ್ ಹಸಿಂತೋ ಮಗಳ ಕಣ್ಣನ್ನು ಹೊಗಳಿ ಅಟ್ಟಕ್ಕೇರಿಸಿದ್ದರು.

ಅದೇ ಕಣ್ಣು ಹೊತ್ತು ಅವಳು ನಮ್ಮ ಪ್ರಯೋಗಾಲಯಕ್ಕೆ ಬಂದಳು. ನನ್ನ ಪಕ್ಕದ ಮೇಜೇ ಅವಳದು. ಪಿಷ್ಟ ಕರಗಿಸುವ ಒಂದು ಕಿಣ್ವ ನಮಗೆ ಬೇಕಿತ್ತು, ಬಿಸಿಗೆ ಕೆಡದಂಥದ್ದು. ಅದರ ಜೀನನ್ನು ಬೇಕೆಂದೇ ತಪ್ಪುತಪ್ಪಾಗಿ ನಕಲು ಮಾಡಿಸಿ, ಆ ನಕಲುಗಳನ್ನು ಬ್ಯಾಕ್ಟೀರಿಯಾಗಳೊಳಗೆ ಸೇರಿಸಿ, ತಟ್ಟೆಗಳ ಮೇಲೆ ಬೆಳೆಸುತ್ತಿದ್ದೆವು. ಬೆಳೆದ ಬ್ಯಾಕ್ಟೀರಿಯಾ ಗುಂಪುಗಳು ಚುಕ್ಕೆಚುಕ್ಕೆಯಾಗಿ ಕಾಣುತ್ತಿದ್ದವು; ಕೆಲವು ಚುಕ್ಕೆಗಳಲ್ಲಿ ಹಳೆಯ ಜೀನೇ, ಉಳಿದವುಗಳಲ್ಲಿ ಒಂದೊಂದು ತಪ್ಪು. ಅವುಗಳಲ್ಲಿ ಉಪಕಾರಕ್ಕೆ ಬರುವ ತಪ್ಪನ್ನು ಹುಡುಕಬೇಕು. ಸಿಕ್ಕರೆ ನೆರೆಯಿದಾಳ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಜುಲೈಗೆ ಮನೆ ದಾರಿ ಎಂದು ಮುಖ್ಯಸ್ಥೆ ಡಾಕ್ಟರ್ ಸಾಲ್ಗಾದೋ ಮೊದಲೇ ಹೇಳಿದ್ದರು.

ಹಲ್ಲುಕಡ್ಡಿಯಿಂದ ಅವಳು ಚುಕ್ಕೆ ಎತ್ತುವುದನ್ನು ನೋಡುವುದೇ ಚಂದ. ತಿಂಗಳುಗಟ್ಟಲೆ ಎತ್ತಿದಳು. ಅವುಗಳ ಕಿಣ್ವವನ್ನು ಬಿಸಿಗಿಟ್ಟಾಗ ಒಂದೂ ಉಳಿಯಲಿಲ್ಲ. ಜೀನು ಓದಿಸಿ ನೋಡಿದರೆ ಬಹುಪಾಲು ಹಳೆಯದೇ, ತಪ್ಪೇ ಇಲ್ಲ.

“ಏನೇ, ಎಂಥ ಚುಕ್ಕೆ ಎತ್ತಿದೀಯ ನೀನು?” ಎಂದೆ.

“ದಪ್ಪದಪ್ಪಗೆ, ದುಂಡದುಂಡಗೆ ಇರೋದು. ಮತ್ತೇನು, ಸೊರಗಿದ್ದನ್ನ ಎತ್ತಲಾ?”

“ಅಯ್ಯೋ ಮಹಾತಾಯಿ! ಇದೇನು ನಿಮ್ಮಪ್ಪನ ಸಸಿತೋಟಾನಾ? ಹಳೇ ಜೀನಿರೋದು ಆರಾಮಾಗಿ ಕೊಬ್ಬುತ್ತೆ. ಹೊಸ ತಪ್ಪನ್ನ ಹೊತ್ತಿದ್ದು ಏದುಸಿರು ಬಿಡ್ತಾ ಚಿಕ್ಕದಾಗೇ ಇರುತ್ತೆ.”

ಚಿಕ್ಕವನ್ನು ಎತ್ತೋಣವೆಂದರೆ ಆ ತಟ್ಟೆಗಳು ಆಗಲೇ ಹಬೆಯಲ್ಲಿ ಬೆಂದು ಕಸಕ್ಕೆ ಹೋಗಿದ್ದವು. ಫ್ರೀಜರಿನಲ್ಲಿ ಆ ಬ್ಯಾಕ್ಟೀರಿಯಾಗಳ ಮೂಲ ಮಿಶ್ರಣದ ಒಂದು ಕೊಳವೆ ಮಾತ್ರ ಉಳಿದಿತ್ತು. ಅದನ್ನು ಹೊಸ ತಟ್ಟೆಗಳಿಗೆ ಹರಡಿ, ಈ ಸಲ ಸೂಜಿಮೊನೆಯಷ್ಟು ಚಿಕ್ಕವನ್ನೇ ಎತ್ತಿದಳು. ಒಂದೊಂದನ್ನು ಎತ್ತುವಾಗಲೂ ಮೂಗು ಮುರಿಯುತ್ತಿದ್ದಳು, ಅಷ್ಟು ಒಗ್ಗದ ಕೆಲಸ ಅದು ಅವಳಿಗೆ. ಪರೀಕ್ಷೆ ಮುಗಿಯುವ ಮೊದಲೇ ಜುಲೈ ಬಂತು. ಅವಳು ಹೋದಳು, ಆ ಮೇಜಿಗೆ ಬೇರೊಬ್ಬರು ಬಂದರು.

ಉಳಿದ ಪರೀಕ್ಷೆ ನಾನೇ ಮುಗಿಸಿ ಅವಳಿಗೆ ಫೋನ್ ಮಾಡಿದೆ. ಸಸಿತೋಟದಲ್ಲಿದ್ದಳು.

“ಒಂದು ಬಿಸಿ ತಡ್ಕೊಂಡಿದೆ ಕಣೇ.”

“ಯಾವುದು?”

“ಎಲ್ಲಕ್ಕಿಂತ ಚಿಕ್ಕದು.”

ಆಮೇಲೆ ಕೇಳಿದಳು, “ಡಾಕ್ಟ್ರು ನನ್ನ ವಾಪಸ್ ಕರೀತಾರಾ?”

“ಇಲ್ಲ,” ಎಂದೆ. ಅವಳ ಮೇಜು ಆಗಲೇ ಬೇರೊಬ್ಬರದಾಗಿತ್ತು.

ಆ ಕಡೆ ದೋನ್ ಹಸಿಂತೋ ಏನೋ ಕೂಗಿದರು. ನೆರೆಯಿದಾ ಫೋನಿನಿಂದ ಮುಖ ತಿರುಗಿಸಿ ಹೇಳಿದ್ದು ನನಗೂ ಕೇಳಿಸಿತು.

“ತಾಳಪ್ಪಾ, ಆ ಸೊರಗಿದ್ದನ್ನ ಕೀಳಬೇಡ.”