ಬೆಳ್ಳಮ್ಮನ ಕೋಡೊಲೆ

ನಮ್ಮ ಮೆಹಬೂಬ್ ಪಾಷಾ ಬಾಯ್ಲರ್ ಮುಂದೆ ಕೂತರೆ ಕಣ್ಣು ತೆರೆದುಕೊಂಡೇ ಕನಸು ಕಾಣುತ್ತಾನೆ. ನಿಡಘಟ್ಟದ ಆಚೆಗಿನ ಈ ಅಕ್ಕಿ ಗಿರಣಿಯಲ್ಲಿ ನಾನು ತೂಕ ನೋಡುವವನು, ಅವನು ಇಪ್ಪತ್ತೆಂಟು ವರ್ಷದಿಂದ ಹೊಟ್ಟಿನ ಬೆಂಕಿ ನೋಡುವವನು. ಅವನ ಕನಸೆಲ್ಲ ಸುಮ್ಮನೆ ಹೋಗುವ ಬಿಸಿಯದೇ. ಭತ್ತ ಒಣಗಿಸುವ ಕೊಳವೆಗಳಲ್ಲಿ ಹಬೆ ತಣಿದು ನೀರಾಗಿ, ಇನ್ನೂ ಸುಡುಸುಡುತ್ತಲೇ ಚರಂಡಿ ಸೇರುತ್ತಿತ್ತು. ಅದನ್ನೇ ಬಾಯ್ಲರಿಗೆ ವಾಪಸು ಕುಡಿಸಿದರೆ ಎಷ್ಟೊಂದು ಹೊಟ್ಟು ಉಳಿಯುತ್ತದೆ! ಇಷ್ಟು ಸಲೀಸಾದ ಮಾತು ಮಾಲೀಕ ರೇವಣ್ಣನ ತಲೆಗೆ ಹೋಗಲು ಹನ್ನೊಂದು ವರ್ಷ ಬೇಕಾಯಿತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಳೆದ ಮಾಗಿಯಲ್ಲಿ ಅಂತೂ ಪೈಪು ಜೋಡಿಸಿದರು. ಮಾರನೆಯ ಬೆಳಗ್ಗೆ ಪಾಷಾ ಮದುವೆ ಮನೆಯವನ ಹಾಗೆ ಓಡಾಡುತ್ತಿದ್ದ. ಮಂಜು ಕವಿದ ಕಣದಲ್ಲಿ, ಚರಂಡಿಗೆ ಬೀಳುವ ಹಳೇ ಕೊಳವೆಯ ಬಾಯಿಗೆ ಬೋಸಿ ಹಿಡಿದು ಬೆಳ್ಳಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಕಣ ಗುಡಿಸುವ ಮುದುಕಿ. ಚಳಿಗೆ ಅವಳ ಬೆರಳು ಮರಗಟ್ಟುತ್ತವೆ. ದಿನಾ ಆ ಬಿಸಿನೀರಲ್ಲಿ ಕೈ ಅದ್ದಿದ ಮೇಲೆಯೇ ಪೊರಕೆ ಹಿಡಿಯಲಾಗುವುದು. ಪಾಷಾ ಅದನ್ನು ವರ್ಷಗಟ್ಟಲೆ ನೋಡಿದ್ದ, ಆದರೆ ಅವನ ಕನಸಿನೊಳಗೆ ಅವಳು ಬಂದಿರಲಿಲ್ಲ.

"ನೀರು ಸತ್ತೋಗೈತೆ ಕಣ್ಲಾ ಪಾಸಾ," ಎಂದಳು ಬೆಳ್ಳಮ್ಮ. "ನನ್ ಕೆಲ್ಸ್ವೂ ಓಯ್ತು ಬುಡು."

"ನಾನೇ ಕಣಕ್ಕಾ ಅದ್ನ ಸಾಯ್ಸಿದ್ದು."

ಪಾಷಾನ ಮುಖ ನೋಡಲಾಗಲಿಲ್ಲ. ಅವಳೇ ಕೇಳಿದಳು: "ನಮ್ಮವ್ವ ದೊಡ್ಡೊಲೆ ಪಕ್ಕದ ಕೋಡೊಲೆ ಮೇಲೆ ತಪ್ಪಲೆ ನೀರು ಮಡಗೋಳು. ಅನ್ನ ಬೇಯೋ ಉರೀಲೇ ಅದೂ ಕಾಯೋದು. ನಿನ್ ಬಾಯ್ಲರಿಗೆ ಕೋಡೊಲೆ ಇಲ್ವೇನ್ಲಾ?"

ಪಾಷಾ ತಲೆಯೆತ್ತಿ ಚಿಮಣಿ ನೋಡಿದ. ಬಿಸಿ ಹೊಗೆ ನಿಧಾನವಾಗಿ ಮಂಜಿನೊಳಗೆ ಕರಗುತ್ತಿತ್ತು.

ಬಾಯ್ಲರ್ ಆರಿಸಿದ ಭಾನುವಾರ ಅವನು ಹೊಗೆಯ ಕೊಳವೆ ಸುತ್ತ ಕಬ್ಬಿಣದ ತೊಟ್ಟಿ ಕೂರಿಸಿ, ಕೆಳಗೊಂದು ನಲ್ಲಿ ಇಟ್ಟು, ನೀರು ತುಂಬಿದ. ಸೋಮವಾರ ರೇವಣ್ಣ ಬಂದು ನೀರು ಮುಟ್ಟಿ ನೋಡಿ ಹಿಗ್ಗಿಹೋದ. "ಭಲೆ! ಇದನ್ನೂ ಬಾಯ್ಲರಿಗೇ ಕೊಟ್ಬುಡು."

ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಎದುರಾಡದ ಪಾಷಾ ಹೇಳಿದ: "ಇಲ್ಲ ಸಾವ್ಕಾರ್ರೆ. ಇದು ಬೆಳ್ಳಮ್ಮಕ್ಕನ ಕೋಡೊಲೆ."

ರೇವಣ್ಣ ಅವನನ್ನೂ ನೋಡಿದ, ನಲ್ಲಿಗೆ ಬೋಸಿ ಹಿಡಿದು ಕೂತಿದ್ದವಳನ್ನೂ ನೋಡಿದ. ಒದ್ದೆ ಕೈ ಒರೆಸಿಕೊಂಡು ಆಫೀಸಿಗೆ ಹೋದ.

ಬೆಳ್ಳಮ್ಮ ಬೆರಳು ಮಡಚಿದಳು, ಬಿಚ್ಚಿದಳು, ಪೊರಕೆ ಹಿಡಿದಳು.